‘ಹೆಲ್ಪರ್’ ಎಂಬುದು ವೃತ್ತಿಯ ಹೆಸರಲ್ಲ



ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಮ್ಮ ಮನೆಗಳಲ್ಲಿ ಮಗನ ಉದ್ಯೋಗವೇನೆಂದು ವಿಚಾರಿಸಿದರೆ ‘ಗ್ಯಾರೇಜಿಗೆ ಹೋಗುತ್ತಾನೆ’, ‘ವಯರಿಂಗಿಗೆ ಹೋಗುತ್ತಾನೆ’ ಎಂಬ ಉತ್ತರ ಸಿಗುತ್ತದೆ. ಆತ ಹೋಗುವ ಸ್ಥಳ ನಮಗೆ ಗೊತ್ತು, ಆತನ ವೃತ್ತಿಯ ಹೆಸರು ಗೊತ್ತಿಲ್ಲ. ಐದು ವರ್ಷ ದುಡಿದರೂ ಕೈಯಲ್ಲಿ ಒಂದು ತುಂಡು ಕಾಗದವಿಲ್ಲ. ತಾಯಿಯ ಬಳೆ ಮಾರಿ ಪಡೆದ ಗಲ್ಫ್ ವೀಸಾದಲ್ಲಿ ಆತ ‘ಹೆಲ್ಪರ್’ ಆಗುವುದು ಹೀಗೆಯೇ.

1961ರ ಅಪ್ರೆಂಟಿಸ್ ಕಾಯ್ದೆಯಡಿ ಮಾನ್ಯವಾದ ವೃತ್ತಿಗಳ ಪಟ್ಟಿಯಿದೆ. ನಾವು ‘ಕರೆಂಟಿನ ಕೆಲಸ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಅಲ್ಲಿ ವಯರ್‌ಮನ್, ಎಲೆಕ್ಟ್ರಿಷಿಯನ್ ಎಂದು ಎರಡಾಗಿದೆ. ಐಟಿಐ ಪ್ರವೇಶಕ್ಕೆ ಎಲೆಕ್ಟ್ರಿಷಿಯನ್‌ಗೆ ಎಸೆಸೆಲ್ಸಿ ಬೇಕು. ವಯರ್‌ಮನ್‌ಗೂ ವೆಲ್ಡರ್‌ಗೂ ಎಂಟನೆಯ ತರಗತಿ ಸಾಕು. ಹತ್ತರಲ್ಲಿ ನಪಾಸಾದವನ ಹೆತ್ತವರಿಗೆ ಇದನ್ನು ಹೇಳುವವರೇ ಇಲ್ಲ! ಆದ್ದರಿಂದ ಅಂಗಡಿಯ ಬೋರ್ಡನ್ನಲ್ಲ, ಹುಡುಗನ ಕೈಯನ್ನು ನೋಡಿರಿ. ದಿನವಿಡೀ ಎಂಜಿನ್ ಬಿಚ್ಚಿ ಜೋಡಿಸುವವನು ಮೋಟಾರು ವಾಹನ ಮೆಕ್ಯಾನಿಕ್. ಅದೇ ಗ್ಯಾರೇಜಿನಲ್ಲಿ ಚಾಸಿಸ್ ಬೆಸೆಯುವವನು ವೆಲ್ಡರ್.

ಪಟ್ಟಿಯಲ್ಲಿಲ್ಲದ ಕೆಲಸಕ್ಕೂ 2014ರ ತಿದ್ದುಪಡಿಯು ‘ಐಚ್ಛಿಕ ವೃತ್ತಿ’ ಎಂಬ ದಾರಿ ತೆರೆಯಿತು. 2019ರ ನಿಯಮಗಳಂತೆ 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆ ಅಪ್ರೆಂಟಿಸರನ್ನು ಸೇರಿಸಿಕೊಳ್ಳಲೇಬೇಕು. 4ರಿಂದ 29 ಮಂದಿಯಿದ್ದಲ್ಲಿ ಅದು ಮಾಲಕರ ಇಚ್ಛೆ. ನಮ್ಮೂರ ವರ್ಕ್‌ಶಾಪುಗಳು ಹೆಚ್ಚಾಗಿ ಸಣ್ಣವು. ಅವುಗಳ ಮಾಲಕರಲ್ಲಿ ಎಷ್ಟೋ ಮಂದಿ ನಮ್ಮ ಜಮಾಅತಿನವರೇ, ಬಹುಶಃ ಈ ಸಭೆಯಲ್ಲೂ ಇದ್ದಾರೆ. ಲಿಖಿತ ಕರಾರು ನೋಂದಣಿಯಾದರೆ ಸ್ಟೈಪೆಂಡ್ ಹಕ್ಕಾಗುತ್ತದೆ, ಪರೀಕ್ಷೆ ಗೆದ್ದರೆ ರಾಷ್ಟ್ರೀಯ ಪ್ರಮಾಣಪತ್ರ ದೊರೆಯುತ್ತದೆ. ಬಾಯಿಮಾತಿನಲ್ಲಿ ಸೇರಿಸಿಕೊಂಡ ಹುಡುಗನಿಗೆ ಇವೆರಡೂ ಇಲ್ಲ.