ನಮ್ಮ ಮನೆಯ ನಕ್ಷೆ ಯಾರ ಕೈಯಲ್ಲಿ?

(ಹುನ್ನೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಇಂಜಿನಿಯರು ಬರುವ ಮೊದಲೇ ನಮ್ಮ ಹಳ್ಳಿಗಳ ನಕ್ಷೆ ಎಳೆದಾಗಿತ್ತು. ಎಳೆದದ್ದು ಜಾತಿ. ಗುಡಿ ನಡುವೆ, ಗೌಡರ ವಾಡೆ ಎತ್ತರದಲ್ಲಿ, ನಮ್ಮ ಕೇರಿ ಊರ ಕೊಳೆನೀರು ಇಳಿಯುವ ಕಡೆಗೆ. ಆ ನಕ್ಷೆಗೆ ಯಾರ ಸಹಿಯೂ ಇಲ್ಲ. ಆದರೂ ಅದನ್ನು ಅಳಿಸಲು ಯಾರ ಕೈಯೂ ಏಳುವುದಿಲ್ಲ.

ಮನೆ ಕಟ್ಟುವವರಾದರೂ ಯಾರು? ಕಲ್ಲು ಒಡೆಯುವವರು ವಡ್ಡರು. ಮಣ್ಣು ತುಳಿಯುವವಳು, ಗೋಡೆ ಸಾರಿಸುವವಳು, ಮಳೆಗಾಲಕ್ಕ ಮುಂಚೆ ಮಾಳಿಗಿ ಮ್ಯಾಲೆ ಮಣ್ಣು ಹೊರುವವಳು ಅವ್ವ. ಎಲ್ಲಿ ಸೋರತದ, ಎಲ್ಲಿ ಹೊಗಿ ನಿಲ್ಲತದ, ಎಲ್ಲಾ ಆಕಿಗೆ ಗೊತ್ತು.

ನನ್ನ ಮನೆಯದನ್ನೇ ಹೇಳುತ್ತೇನೆ. ನಮಗೆ ಬಚ್ಚಲು ಇರಲಿಲ್ಲ. ಅವ್ವ ನಸುಕಿನಲ್ಲೆದ್ದು, ಹಿತ್ತಲಲ್ಲಿ ನಾಲ್ಕು ಗೂಟಕ್ಕೆ ಹಳೆ ಸೀರೆ ಕಟ್ಟಿ ಜಳಕ ಮಾಡುತ್ತಿದ್ದಳು. ಸರಕಾರದ ಮನೆ ಮಂಜೂರಾಯಿತು. ಹಾಳೆ ಹಿಡಿದುಕೊಂಡು ಒಬ್ಬ ಸಾಹೇಬ ಬಂದ. "ಯಪ್ಪಾ, ಮೊದಲ ಒಂದು ಬಚ್ಚಲಾ ಹಾಕ್ರಿ" ಅಂದಳು ಅವ್ವ. "ಪ್ಲಾನಿನಾಗ ಇಲ್ಲವಾ" ಅಂದ. ಅಷ್ಟೇ. ಮನೆಯಾಯಿತು. ಸೀರೆಯೂ ಉಳಿಯಿತು.

ಅವನು ಕೆಟ್ಟವನಲ್ಲ. ಸೀರೆಯ ಮರೆಯಲ್ಲಿ ಜಳಕ ಮಾಡಿದವರು ಅವನ ಮನೆಯಲ್ಲಿ ಯಾರೂ ಇದ್ದಿರಲಿಕ್ಕಿಲ್ಲ.

ಬೇರೆ ಕೈ ನಕ್ಷೆ ಎಳೆದರೆ ಏನಾಗುತ್ತದೆ ನೋಡಿ. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಒಂದು ಭಾಗ ಮುಳುಗುವುದಿತ್ತು. 1980ರ ದಶಕದಲ್ಲಿ ನವನಗರದ ನಕ್ಷೆ ಮಾಡಿದವರು ಚಾರ್ಲ್ಸ್ ಕೊರಿಯಾ, ಗೋವಾ ಮೂಲದ ಕ್ರೈಸ್ತರು. ಅಮೆರಿಕದಲ್ಲಿ ಓದಿದವರು, ನಮ್ಮ ಕೇರಿಯವರೇನಲ್ಲ. ಆದರೆ ಅದೇ ದಶಕದಲ್ಲಿ ನವಿ ಮುಂಬಯಿಯ ಬೇಲಾಪುರದಲ್ಲಿ ಅವರು ಮಾಡಿದ್ದು ಕೇಳಿ. ಏಳು ಮನೆ, ನಡುವೆ ಎಂಟು ಮೀಟರಿನ ಅಂಗಳ. ಒಬ್ಬರ ಗೋಡೆ ಇನ್ನೊಬ್ಬರಿಗೆ ಅಂಟಿಲ್ಲ. ಕೈಯಲ್ಲಿ ಕಾಸಾದಾಗ ಮನೆಯವರೇ ಇನ್ನೊಂದು ಕೋಣೆ ಏರಿಸಬಹುದು. ಬಡವನ ಮನೆ ಬೆಳೆಯುತ್ತದೆ ಎಂದು ನಂಬಿದ ನಕ್ಷೆ ಅದು. ನಮ್ಮ ಜನತಾ ಮನೆಗಳು ಹಾಗೆ ನಂಬಿದ್ದವೇ?

ಬೆಂಗಳೂರಿನಲ್ಲಿ ಚಿತ್ರಾ ವಿಶ್ವನಾಥ್ ಎಂಬ ವಾಸ್ತುಶಿಲ್ಪಿ ಇದ್ದಾರೆ. ಪಾಯ ಅಗೆದ ಮಣ್ಣನ್ನೇ ಇಟ್ಟಿಗೆ ಮಾಡಿ ಮನೆ ಎಬ್ಬಿಸುತ್ತಾರೆ, ಮಾಳಿಗೆಯ ಮಳೆನೀರು ಹಿಡಿದಿಡುತ್ತಾರೆ. ಜನ ದೂರದಿಂದ ಬಂದು ನೋಡುತ್ತಾರೆ, ನೋಡಲಿ. ಅದೇ ಮಣ್ಣನ್ನು ನಮ್ಮವ್ವ ಮುಟ್ಟಿದರೆ ಕೂಲಿ, ಓದಿದವರು ಮುಟ್ಟಿದರೆ ವಿದ್ಯೆ. ಈ ಅಂತರ ದಾಟಬೇಕಾದವರು ನೀವು.

ಕವಿತೆ ಬರೆಯಿರಿ, ಬೇಡ ಅನ್ನುವುದಿಲ್ಲ. ನಾನೂ ಬರೆಯುತ್ತೇನೆ, ಬಿ.ಎ. ಮಾಡಿದವನಿಗೆ ಇನ್ನೇನು ಬರುತ್ತದೆ! ಆದರೆ ಪಿಯುಸಿಯಲ್ಲಿ ಗಣಿತ ತೆಗೆದುಕೊಂಡ ತಮ್ಮಂದಿರೇ, ವಾಸ್ತುಶಿಲ್ಪಕ್ಕೆ ಐದು ವರ್ಷದ ಡಿಗ್ರಿ ಇದೆ, ನಾಟಾ ಎಂಬ ಪ್ರವೇಶ ಪರೀಕ್ಷೆ ಇದೆ. ಮನೆಗೆ ಹೋದಾಗ ತಂಗಿಗೆ ಮೊದಲು ಹೇಳಿ. ಬಚ್ಚಲು ಎಲ್ಲಿರಬೇಕೆಂದು ಆಕೆಗೆ ಯಾರೂ ಕಲಿಸಬೇಕಾಗಿಲ್ಲ.

ಹೋದ ಯುಗಾದಿಗೆ ಊರಿಗೆ ಹೋಗಿದ್ದೆ. ಅವ್ವ ಒಲೆಯೊಳಗಿನ ಇದ್ದಲಿ ತಗೊಂಡು ಹಿತ್ತಲ ಗೋಡೆ ಮೇಲೆ ಒಂದು ಗೆರೆ ಎಳೆದಳು. "ಬಚ್ಚಲಾ ಇಲ್ಲಿ. ನೀರು ಹಿಂಗ ಹರದು ಕರಿಬೇವಿನ ಗಿಡಕ್ಕ."