ಪೋಲೀಸಿನವನ ಬಿಲ್ಲೆ

ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಕೊಕ್ಕಡವೆಂಬ ಗ್ರಾಮವುಂಟು. ಅಲ್ಲಿಯ ವೈದ್ಯನಾಥೇಶ್ವರನ ಸನ್ನಿಧಿಯ ಕೋರಿ ಜಾತ್ರೆಗೆ ಹೋದವರು, ಜನಸಂದಣಿಯ ನಡುವೆ ನಿಂತ ಪೋಲೀಸು ಪೇದೆಯನ್ನು ಕಾಣದೆ ಹಿಂದಿರುಗಲಾರರು. ಅವನ ತೋಳಿನ ಪಟ್ಟಿ, ಸೊಂಟದ ಬಿಲ್ಲೆ, ಎದೆಯ ಮೇಲಣ ಹೆಸರು, ಇವೆಲ್ಲವೂ ಅಧಿಕಾರದ ಅಲಂಕಾರವೆಂದೇ ನಮ್ಮಲ್ಲಿ ಅನೇಕರ ಭಾವನೆ. ಆದರೆ ಈ ಚಿಹ್ನೆಗಳು ತೊಟ್ಟವನಿಗಿಂತ ಹೆಚ್ಚಾಗಿ ನೋಡುವವನಿಗೆ ಸೇರಿದವು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಚರಿತ್ರೆಯೇ ಆಧಾರ.

1799ರಲ್ಲಿ ಟಿಪ್ಪುಸುಲ್ತಾನನು ಮಡಿದ ಮೇಲೆ ಈ ಕರಾವಳಿಯು ಕುಂಪಣಿಯ ಕೈಸೇರಿ, ಮುಂದೆ ಮದರಾಸಿನ ಆಡಳಿತಕ್ಕೊಳಪಟ್ಟಿತು. ಆಗ ಹಳ್ಳಿಯಲ್ಲಿ ಪಟೇಲನಿದ್ದನು, ಶಾನುಭೋಗನಿದ್ದನು, ಅವರ ಆಜ್ಞೆಯನ್ನು ನಡೆಸುವ ಉಗ್ರಾಣಿಯಿದ್ದನು. 1816ರ ಮದರಾಸಿನ ಶಾಸನವು ಪೋಲೀಸು ಕೆಲಸವನ್ನು ಕಲೆಕ್ಟರು, ತಹಶೀಲ್ದಾರರು ಮತ್ತು ಗ್ರಾಮದ ಮುಖ್ಯಸ್ಥರಿಗೆ ಒಪ್ಪಿಸಿತು. ಇದರ ಪರಿಣಾಮವನ್ನು ಊಹಿಸಿರಿ. ಕಂದಾಯವನ್ನು ವಸೂಲುಮಾಡುವ ಕೈಯೂ ಕಳ್ಳನನ್ನು ಹಿಡಿಯುವ ಕೈಯೂ ಒಂದೇ ಆಯಿತು. ತೀರುವೆ ಕೊಡಲಾರದ ರೈತನೂ ಕದ್ದವನೂ ಒಬ್ಬನೇ ಜವಾನನ ಮುಂದೆ ಕೈಕಟ್ಟಿ ನಿಲ್ಲಬೇಕಾಯಿತು.

ಈ ಜವಾನರು ಮಾಡಿದ್ದೇನು? ಎಲಿಯಟ್, ಸ್ಟೋಕ್ಸ್, ನಾರ್ಟನ್ ಎಂಬ ಮೂವರನ್ನು ಸದಸ್ಯರನ್ನಾಗಿ ಮಾಡಿ ನೇಮಿಸಿದ ಮದರಾಸಿನ ವಿಚಾರಣಾ ಮಂಡಲಿಯು 1855ರಲ್ಲಿ ತನ್ನ ವರದಿಯನ್ನೊಪ್ಪಿಸಿತು. ಅದನ್ನು ಓದುವುದು ಸುಲಭವಲ್ಲ. ಕಿಟ್ಟಿಯೆಂಬ ಮರದ ಇಕ್ಕುಳದಲ್ಲಿ ಬೆರಳುಗಳನ್ನಿಟ್ಟು ಅದುಮುವುದು, ಮನುಷ್ಯನನ್ನು ಬಗ್ಗಿಸಿ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುವುದು, ಇಂತಹ ಹಿಂಸೆಗಳು ಕಂದಾಯಕ್ಕಾಗಿಯೂ ತಪ್ಪೊಪ್ಪಿಗೆಗಾಗಿಯೂ ನಡೆಯುತ್ತಿದ್ದುವೆಂದು ಮಂಡಲಿಯು ಕಂಡುಕೊಂಡಿತು. ಫಿರ್ಯಾದು ಹೇಳಲು ಜನರು ದೂರದ ಜಿಲ್ಲೆಗಳಿಂದ ಬಂದರಂತೆ. ಬಂದವರ ಸಂಕಟವನ್ನು ನೋಡಿರಿ: ಯಾರ ಮೇಲೆ ದೂರಬೇಕೋ ಅವರೇ ದೂರನ್ನು ಕೇಳಬೇಕಾದ ಕಚೇರಿಯವರು!

ಇದಾದ ಬಳಿಕ 1859ರ 24ನೆಯ ಕಾಯಿದೆಯಿಂದ ಮದರಾಸಿನಲ್ಲಿ ಪೋಲೀಸು ಪ್ರತ್ಯೇಕವಾದ ಇಲಾಖೆಯಾಯಿತು. 1861ರಲ್ಲಿ ಹಿಂದೂದೇಶದ ಇತರ ಭಾಗಗಳಿಗಾಗಿ ಬಂದ 5ನೆಯ ಕಾಯಿದೆಯಲ್ಲಿ ಒಂದು ಸೂಕ್ಷ್ಮವಾದ ಮಾತುಂಟು. ಪೋಲೀಸಿನವನಿಗೆ ಮೊಹರು ಹಾಕಿದ ಸನ್ನದನ್ನು ಕೊಡಬೇಕು. ಅವನ ಅಧಿಕಾರವು ಆ ಸನ್ನದಿನಿಂದ ಬಂದುದು. ಕೆಲಸ ಹೋದೊಡನೆ ಸನ್ನದೂ ನಿರರ್ಥಕ, ಅದನ್ನು ಹಿಂದಿರುಗಿಸಬೇಕು. ಅಧಿಕಾರವು ಮನುಷ್ಯನಿಗಂಟಿದುದಲ್ಲ, ಕೊಟ್ಟು ಕಸಿದುಕೊಳ್ಳಬಹುದಾದ ವಸ್ತು ಎಂಬ ತತ್ತ್ವವು ಇಲ್ಲಿ ಅಡಗಿದೆ. ಬಿಲ್ಲೆಯೆಂದರೆ ಎಲ್ಲರ ಕಣ್ಣಿಗೂ ಬೀಳುವ ಸನ್ನದು.

ಘಟ್ಟದ ಮೇಲೆ, ಮೈಸೂರಿನಲ್ಲಿ, ಕಥೆ ಬೇರೆ. ಅಲ್ಲಿ ಕಂದಾಚಾರದ ಸಿಪಾಯಿಗಳಿದ್ದರು. ಅರ್ಧ ಸೈನ್ಯ, ಅರ್ಧ ಕಾವಲು. 1956ರ ನವೆಂಬರ್ 1ರಂದು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಈ ಐದು ಆಡಳಿತಗಳ ಕನ್ನಡ ಭಾಗಗಳು ಒಂದಾದಾಗಲೇ ಕೊಕ್ಕಡವೂ ಮೈಸೂರಿನ ಪೋಲೀಸಿಗೆ ಸೇರಿದುದು. ಆ ದಿನವೇ ಕಾಸರಗೋಡು ಕೇರಳಕ್ಕೆ ಹೋಯಿತು. 1963ರ ಪೋಲೀಸು ಕಾಯಿದೆಯು 1965ರ ಏಪ್ರಿಲ್ 2ರಿಂದ ಜಾರಿಗೆ ಬಂದಿತು. ಅದೇ ದಿನವನ್ನು ಪೋಲೀಸು ಧ್ವಜದ ದಿನವೆಂದು ಆಚರಿಸುವರು.

ರಾಜ್ಯಲಾಂಛನದ ಗಂಡಭೇರುಂಡವನ್ನು ಕರಾವಳಿಯವರು ಘಟ್ಟದ ಮೇಲಿನ ಹಕ್ಕಿಯೆಂದು ನೆನೆಯಬೇಕಾದುದಿಲ್ಲ. ಬಳ್ಳಿಗಾವೆಯಲ್ಲಿ 1047ರಲ್ಲಿಯೇ ಅದಕ್ಕೆ ಕಂಬವನ್ನೆತ್ತಿದರು. ಕರಾವಳಿಯನ್ನಾಳಿದ ಕೆಳದಿಯ ನಾಯಕರ ರಾಮೇಶ್ವರ ದೇವಾಲಯದ ಒಳಮಾಡಿನಲ್ಲಿಯೂ ಅದನ್ನು ಕಡೆದಿದ್ದಾರೆ.

ದರ್ಜೆಯ ಗುರುತುಗಳನ್ನು ಚುಟುಕಾಗಿ ಹೇಳುವೆನು. ನಮ್ಮವರು ದಫೇದಾರನೆನ್ನುವ ಹೆಡ್ ಕಾನ್‌ಸ್ಟೇಬಲನಿಗೆ ತೋಳಿನಲ್ಲಿ ಮೂರು ಪಟ್ಟಿ. ಸಬ್ ಇನ್‌ಸ್ಪೆಕ್ಟರಿಗೆ ಭುಜದಲ್ಲಿ ಎರಡು ನಕ್ಷತ್ರ, ಇನ್‌ಸ್ಪೆಕ್ಟರಿಗೆ ಮೂರು, ಇಬ್ಬರಿಗೂ ಕೆಂಪು ನೀಲಿಯ ಪಟ್ಟಿ. ಮೇಲಧಿಕಾರಿಗಳ ಭುಜದಲ್ಲಿದ್ದ ಕಿರೀಟವು ಹೋಗಿ ಅಶೋಕನ ಸಿಂಹಗಳು ಬಂದವು. ಪೇದೆಗಳ ಒಂದು ಅಂಚು ಮಡಿಚಿದ ಟೋಪಿಯು 2025ರಲ್ಲಿ ಹೋಗಿ, ನೀಲಿಯ ಹೊಸ ಟೋಪಿ ಬಂದಿತು. ಬಿಸಿಲಿನಲ್ಲಿ ನಿಲ್ಲುವವನಿಗೆ ಹಗುರವಾದ ಟೋಪಿ ದೊರೆತರೆ ಒಳ್ಳೆಯದೇ.

ಆದರೆ ಟೋಪಿಗಿಂತ ಎದೆಯ ಮೇಲಣ ಹೆಸರು ಮುಖ್ಯ. ಡಿ. ಕೆ. ಬಸು ಅವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್ 18ರಂದು ಇದನ್ನು ಕಟ್ಟುನಿಟ್ಟಾಗಿ ವಿಧಿಸಿತು: ದಸ್ತಗಿರಿ ಮಾಡುವವನ ಹೆಸರೂ ಹುದ್ದೆಯೂ ಸ್ಪಷ್ಟವಾಗಿ ಕಾಣುವಂತಿರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 36ನೆಯ ಕಲಮೂ ಹೆಸರಿನ ವಿಷಯದಲ್ಲಿ ಅದನ್ನೇ ಹೇಳುವುದು. 1855ರಲ್ಲಿ ದೂರು ತಂದ ರೈತನಿಗೆ ಇಂತಹ ಆಸರೆಯಿರಲಿಲ್ಲ. ಇಂದು ಕೊಕ್ಕಡದ ಯಾವ ಮನೆಯಂಗಳಕ್ಕೆ ಪೋಲೀಸಿನವರು ಬಂದು ಒಬ್ಬನನ್ನು ದಸ್ತಗಿರಿ ಮಾಡಿದರೂ ಅಲ್ಲಿಯೇ ಪತ್ರವನ್ನು ಬರೆಯಬೇಕು. ಅದರಲ್ಲಿ ದಿನವನ್ನೂ ಗಳಿಗೆಯನ್ನೂ ಕಾಣಿಸಬೇಕು. ಮನೆಯವರೊಬ್ಬರಾಗಲಿ ಊರಿನ ಗೌರವಸ್ಥರೊಬ್ಬರಾಗಲಿ ಸಾಕ್ಷಿ ಹಾಕಬೇಕು. ಹಿಡಿಯಲ್ಪಟ್ಟವನೂ ಅದಕ್ಕೆ ರುಜು ಮಾಡಬೇಕು.