ಪರದೆಯಲ್ಲಿ ಕಲಿತು ಹೊಳೆಗೆ ಇಳಿಯೋಣ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಕಾಲೇಜುಗಳಿಂದ ಬಂದಿರುವ ವಿದ್ಯಾರ್ಥಿಗಳೇ, ವರ್ಚುವಲ್ ಕಲಿಕೆಯ ಈ ವಸ್ತುಪ್ರದರ್ಶನದ ಉದ್ಘಾಟನೆಗೆ ಪ್ರೀತಿಯಿಂದ ಕರೆದಿರಿ, ಸಂತೋಷದಿಂದ ಬಂದಿದ್ದೇನೆ.

1963ರಲ್ಲಿ ಕುಂದಾಪುರದಲ್ಲಿ ಭಂಡಾರ್‌ಕಾರ್ಸ್ ಕಾಲೇಜು ಆರಂಭವಾದಾಗ ಈ ಸೀಮೆಯ ಮಕ್ಕಳಿಗೆ ಪದವಿ ಓದು ಹತ್ತಿರವಾಯಿತು. ಈಗ ಹತ್ತಿರವಾಗಬೇಕಾದದ್ದು ಒಳ್ಳೆಯ ಪ್ರಯೋಗಶಾಲೆ. ಕೇಂದ್ರ ಸರ್ಕಾರದ ಶಿಕ್ಷಣ ಮಿಷನ್ನಿನಡಿ ರೂಪುಗೊಂಡ ವರ್ಚುವಲ್ ಲ್ಯಾಬ್ಸ್ ಯೋಜನೆ ಆ ದಾರಿ ತೆರೆದಿದೆ. ಐಐಟಿ ದೆಹಲಿಯ ಮುಂದಾಳತ್ವದ ಈ ಕೆಲಸದಲ್ಲಿ ನಮ್ಮ ಸುರತ್ಕಲ್ಲಿನ ಎನ್‌ಐಟಿಕೆಯೂ ಪಾಲುದಾರ. ಈ ಯೋಜನೆಯಲ್ಲಿ ತಯಾರಾದ ಪ್ರಯೋಗಗಳನ್ನು ಯಾವ ಊರಿನ ವಿದ್ಯಾರ್ಥಿಯಾದರೂ ಇಂಟರ್‌ನೆಟ್ಟಿನಲ್ಲಿ ಮಾಡಿ ನೋಡಬಹುದು.

ಟೈಟ್ರೇಷನ್ ಪ್ರಯೋಗವನ್ನೇ ನೋಡಿ. ಬ್ಯೂರೆಟ್ಟಿನಿಂದ ಒಂದು ಹನಿ ಹೆಚ್ಚು ಬಿದ್ದರೆ ತಿಳಿಗುಲಾಬಿ ಬಣ್ಣ ಗಾಢವಾಗಿ ಲೆಕ್ಕ ತಪ್ಪುತ್ತದೆ. ಲ್ಯಾಬಿನಲ್ಲಿ ಮತ್ತೆ ಮಾಡೋಣವೆಂದರೆ ಅಷ್ಟರಲ್ಲಿ ಪೀರಿಯಡ್ ಮುಗಿದಿರುತ್ತದೆ. ಪರದೆಯ ಮೇಲಾದರೆ ಬೇಕೆಂದಷ್ಟು ಸಲ ತಪ್ಪಿ, ಯಾಕೆ ತಪ್ಪಿತೆಂದು ಅರಿಯಬಹುದು. ಆದರೆ ಕೀಲಿಯನ್ನು ಎಷ್ಟು ತಿರುಗಿಸಬೇಕೆಂಬುದು ಬೆರಳಿಗೆ ಗೊತ್ತಾಗುವುದು ನಿಜವಾದ ಬ್ಯೂರೆಟ್ ಹಿಡಿದಾಗಲೇ. ಯಕ್ಷಗಾನದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಹೆಜ್ಜೆ ಕಲಿಯದೆ ರಂಗಸ್ಥಳ ಏರುವಂತಿಲ್ಲ, ರಂಗಸ್ಥಳ ಏರದೆ ಕಲಾವಿದನಾಗುವುದೂ ಇಲ್ಲ. ವರ್ಚುವಲ್ ಲ್ಯಾಬ್ ಇದೆಯೆಂದು ಯಾವ ಕಾಲೇಜೂ ನಿಜವಾದ ಲ್ಯಾಬಿಗೆ ಬೀಗ ಹಾಕಬಾರದು.

ವಿದ್ಯಾರ್ಥಿಗಳೇ, ಬೇರೆಯವರು ಕಟ್ಟಿದ ಲೋಕವನ್ನು ನೋಡುವುದಕ್ಕೇ ನಿಲ್ಲಬೇಡಿ, ನಮ್ಮದನ್ನು ನೀವೇ ಕಟ್ಟಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟ ನದಿಗಳು ಸೇರುವ ಪಂಚಗಂಗಾವಳಿ ಇಲ್ಲೇ ಇದೆ. ಮಳೆಗಾಲದಲ್ಲಿ ಸಿಹಿನೀರು ಕಡಲನ್ನು ಹಿಂದಕ್ಕೆ ತಳ್ಳುತ್ತದೆ, ಬೇಸಿಗೆಯಲ್ಲಿ ಉಪ್ಪುನೀರು ಒಳನುಗ್ಗುತ್ತದೆ. ವರ್ಷವಿಡೀ ನಡೆಯುವ ಈ ಬದಲಾವಣೆಯನ್ನು ಪರದೆಯ ಮೇಲೆ ಕೆಲವೇ ನಿಮಿಷಗಳಲ್ಲಿ ತೋರಿಸಬಹುದು. ಅದಕ್ಕೆ ಬೇಕಾದ ನೀರಿನ ಮಾದರಿಯನ್ನು ನೀವೇ ಹೊಳೆಗಿಳಿದು ತನ್ನಿ. ಚಿಪ್ಪು ಹೆಕ್ಕುವವರನ್ನು, ದೋಣಿ ನಡೆಸುವವರನ್ನು ಮಾತಾಡಿಸಿ. ಇತಿಹಾಸದ ವಿದ್ಯಾರ್ಥಿಗಳಿಗೆ ಅಳುಪರ ರಾಜಧಾನಿಯಾಗಿದ್ದ ಬಾರ್ಕೂರು ಕಾದಿದೆ. ಅಲ್ಲಿನ ಕತ್ತಲೆ ಬಸದಿಯ ಅಳತೆ ತೆಗೆದು ಮೂರು ಆಯಾಮದಲ್ಲಿ ಮೂಡಿಸಿ, ವಿವರಣೆ ಕನ್ನಡದಲ್ಲೇ ಇರಲಿ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗೆ ಈ ಹೊಸ ಲೋಕದ ಬಾಗಿಲಲ್ಲೇ ಅಳುಕು ಹುಟ್ಟಬಾರದು.

ಕಾಲೇಜುಗಳ ಆಡಳಿತ ಮಂಡಳಿಗಳಲ್ಲಿ ಒಂದು ಕೋರಿಕೆ: ದುಬಾರಿ ಹೆಡ್‌ಸೆಟ್‌ಗಿಂತ ಮೊದಲು ಕೆಡದ ಕಂಪ್ಯೂಟರು, ಕೈಕೊಡದ ಇಂಟರ್‌ನೆಟ್ಟು, ತರಬೇತಿ ಪಡೆದ ಅಧ್ಯಾಪಕರು ಇರಲಿ. ತರಗತಿ ಮುಗಿದ ಮೇಲೂ ಲ್ಯಾಬಿನ ಬಾಗಿಲು ತೆರೆದಿರಲಿ.

ಇದನ್ನೆಲ್ಲ ಸಿದ್ಧಪಡಿಸಿದ ವಿದ್ಯಾರ್ಥಿಗಳನ್ನು, ಅಧ್ಯಾಪಕರನ್ನು ಮನಸಾರೆ ಅಭಿನಂದಿಸುತ್ತಾ ಈ ವಸ್ತುಪ್ರದರ್ಶನ ಉದ್ಘಾಟನೆಯಾಯಿತೆಂದು ಘೋಷಿಸುತ್ತೇನೆ.